ಕೊಕ್ಕೋ ದುಡ್ಡು

2024ರ ಏಪ್ರಿಲ್ ತಿಂಗಳ ಒಂದು ಸಂಜೆ ಸುಳ್ಯದ ತವರುಮನೆಯಿಂದ ತಮ್ಮನ ಹೆಂಡತಿ ಫೋನು ಮಾಡಿದಳು. "ಅತ್ತಿಗೇ, ಹಸಿ ಕೊಕ್ಕೋ ಕಿಲೋಗೆ ಮುನ್ನೂರರ ಹತ್ತಿರ ಹೋಗಿದೆಯಂತೆ! ಅತ್ತೆ ಉಳಿಸಿಟ್ಟ ಗಿಡಗಳಲ್ಲಿ ಈ ವಾರ ಮೂರು ಕಿಲೋ ಸಿಕ್ಕಿತು" ಎಂದಳು. ಅವಳ ಸಂಭ್ರಮ ಕೇಳಿ ನನಗೂ ಖುಷಿಯಾಯಿತು. ಆದರೆ ಜೊತೆಗೇ, ನಲವತ್ತು ವರ್ಷಗಳ ಹಿಂದಿನ ಒಂದು ಕೊಡಲಿಯ ಸದ್ದೂ ಕಿವಿಯಲ್ಲಿ ಕೇಳಿಸಿತು.

ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟರು. ಅಡಿಕೆಯ ದುಡ್ಡು ಅಪ್ಪನದು. ವರ್ಷಕ್ಕೊಮ್ಮೆ ಬಂದು, ಬಂದ ದಾರಿಯಲ್ಲೇ ಸಾಲಕ್ಕೆ ಹೋಗುವಂಥದ್ದು. ಕೊಕ್ಕೋ ಹಾಗಲ್ಲ. ವಾರವಾರವೂ ಕೊಯ್ಯಬೇಕು, ಒಡೆಯಬೇಕು, ಬೀಜ ಬಿಡಿಸಬೇಕು. ಆ ಕೆಲಸ ಅಮ್ಮನದು, ನಮ್ಮದು. ಆದ್ದರಿಂದ ದುಡ್ಡೂ ಅಮ್ಮನ ಕೈಗೇ ಬರುತ್ತಿತ್ತು. ಸಕ್ಕರೆ ಡಬ್ಬಿಯ ಹಿಂದೆ ಒಂದು ಹಾರ್ಲಿಕ್ಸ್ ಬಾಟ್ಲಿ ಇತ್ತು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನಲ್ಲಿ ಕಾಲೇಜು ಸೇರುವಾಗ ಬೇಕಾದೀತೆಂದು ಅಮ್ಮ ಅದರಲ್ಲಿ ನೋಟುಗಳನ್ನು ಸುತ್ತಿ ಸುತ್ತಿ ಇಡುತ್ತಿದ್ದಳು.

1980ರ ಸುಮಾರಿಗೆ ಆ ಬಾಟ್ಲಿ ಬರಿದಾಯಿತು. ಅದುವರೆಗೆ ಕೊಳ್ಳುತ್ತಿದ್ದವರು, "ಇನ್ನು ತರಬೇಡಿ, ನಮಗೆ ಬೇಡ" ಎಂದರು. ಅಮ್ಮ ಬುಟ್ಟಿ ಹೊತ್ತು ಬಸ್ಸಿನಲ್ಲಿ ಪೇಟೆಗೆ ಹೋದವಳು ಅದೇ ಬುಟ್ಟಿ ಹೊತ್ತು ಹಿಂದೆ ಬಂದಳು. ಕೊಟ್ಟಿಗೆಯ ಬದಿಯಲ್ಲಿ ಬೀಜ ಹುಳಿತು ನಾರಿತು. ನೆರಳು ಹೆಚ್ಚಾಗಿ ಅಡಿಕೆಗೂ ತೊಂದರೆ ಎಂದು ಅಪ್ಪ ಕೊಡಲಿ ತೆಗೆದುಕೊಂಡು ತೋಟಕ್ಕೆ ಇಳಿದರು. ಅಡುಗೆಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿದ್ದ ನಾಲ್ಕು ಗಿಡಗಳ ಎದುರು ಮಾತ್ರ ಅಮ್ಮ ಅಡ್ಡ ನಿಂತಳು. "ಇಷ್ಟಾದರೂ ಇರಲಿ, ಮಕ್ಕಳಿಗೆ ಚೀಪಲಿಕ್ಕೆ" ಎಂದಳು. ಅಕ್ಕ ಕಾಲೇಜಿಗೆ ಹೋಗಲಿಲ್ಲ. ಎರಡು ವರ್ಷದಲ್ಲಿ ಅವಳನ್ನು ಕಡಬದ ಕಡೆಗೆ ಮದುವೆ ಮಾಡಿ ಕೊಟ್ಟರು. ಕಡಬ ಆಗ ಪುತ್ತೂರು ತಾಲೂಕಿಗೇ ಸೇರಿತ್ತು.

ಅಪ್ಪನ ತಪ್ಪೇ, ಅಮ್ಮನ ಗ್ರಹಚಾರವೇ ಎಂದು ಬಹುಕಾಲ ಯೋಚಿಸಿದ್ದೇನೆ. ಎರಡೂ ಅಲ್ಲವೆಂದು ಆಮೇಲೆ ಓದಿ ತಿಳಿದೆ. 1977ರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ ಐದು ಸಾವಿರ ಡಾಲರು ದಾಟಿತ್ತು. ಅಂಥ ಬೆಲೆ ಕಂಡರೆ ಯಾರು ಸುಮ್ಮನಿರುತ್ತಾರೆ? ಐವರಿ ಕೋಸ್ಟಿನವರೂ ನೆಟ್ಟರು, ಮಲೇಷ್ಯಾದವರೂ ನೆಟ್ಟರು. ಎಲ್ಲರ ಗಿಡವೂ ಕಾಯಿ ಬಿಡುವ ಹೊತ್ತಿಗೆ ಬೆಲೆ ನೆಲ ಕಚ್ಚಿತು. ನಮ್ಮ ಹಾರ್ಲಿಕ್ಸ್ ಬಾಟ್ಲಿ ಆಫ್ರಿಕದ ತೋಟಗಳಿಗೂ ಲಂಡನ್ನಿನ ಪೇಟೆಗೂ ಕಾಣದ ದಾರದಿಂದ ಕಟ್ಟಿಕೊಂಡಿತ್ತು. ಅದು ಅಮ್ಮನಿಗೆ ಗೊತ್ತಿರಲಿಲ್ಲ ಅಷ್ಟೆ.

ಈ ದಾರ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೊಡಗಿನ ಅರಸರ ಕಾಲದಲ್ಲಿ ಅಮರಸುಳ್ಯದ ರೈತರು ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡುತ್ತಿದ್ದರು. 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾಯಿತು, ಸುಳ್ಯ ಪುತ್ತೂರುಗಳ ಈ ಭಾಗ ಕೆನರಾ ಜಿಲ್ಲೆಗೆ ಸೇರಿತು. ಕಂದಾಯ ಇನ್ನು ನಗದಾಗಿಯೇ ಬರಬೇಕೆಂದಾಯಿತು. ನಗದು ಬೇಕಾದರೆ ವ್ಯಾಪಾರಿ ಹೇಳಿದ ಬೆಲೆಗೆ ಬೆಳೆ ಮಾರಬೇಕು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೂ ಸಂಗಡಿಗರೂ ಸುಳ್ಯದಿಂದ ಹೊರಟು ಮಂಗಳೂರಿನವರೆಗೆ ದಂಡೆತ್ತಿ ಹೋದರಲ್ಲ, ಆ ದಂಗೆಯ ಕಾರಣಗಳಲ್ಲಿ ಇದೂ ಒಂದು. ಬಾವುಟಗುಡ್ಡೆಯ ಹೆಸರು ಹೇಳುವಾಗ ನಾವು ಬಾವುಟವನ್ನು ನೆನೆಯುತ್ತೇವೆ, ಆ ನಗದಿನ ಸಂಕಟವನ್ನು ಮರೆಯುತ್ತೇವೆ.

ದಂಗೆ ಅಡಗಿತು, ಬೆಲೆಯ ಚಿಂತೆ ಅಡಗಲಿಲ್ಲ. ಬೇರೊಂದು ದಾರಿ ಹುಡುಕಿದವರು ಸಹಕಾರಿಗಳು. ಪುತ್ತೂರಿನ ಮೊಳಹಳ್ಳಿ ಶಿವರಾಯರು ಇಪ್ಪತ್ತನೆಯ ಶತಮಾನದ ಮೊದಲಿಗೇ ಇಲ್ಲಿ ಸಹಕಾರಿ ಸಂಘದ ಬೀಜ ಬಿತ್ತಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು, 1973ರ ಜುಲೈ 11ರಂದು ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕಟ್ಟಿಕೊಂಡ ಸಂಸ್ಥೆ. ಕೊಕ್ಕೋವನ್ನು ಕೇಳುವವರಿಲ್ಲದಾದಾಗ ಅದನ್ನೂ ಕೊಳ್ಳಲು ಮುಂದೆ ಬಂದದ್ದು ಇದೇ ಸಂಸ್ಥೆ. ಕೊಂಡದ್ದನ್ನು ಏನು ಮಾಡುವುದು? ಅದಕ್ಕೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಎದ್ದಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು.

ನಾನು ಮದುವೆಯಾಗಿ ಪುತ್ತೂರಿಗೆ ಬಂದದ್ದು ಅದರ ಮರುವರ್ಷ. ಆ ದಾರಿಯಲ್ಲಿ ಹೋಗುವಾಗಲೆಲ್ಲ, ಅಪ್ಪ ಒಂದೆರಡು ವರ್ಷ ತಡೆದಿದ್ದರೆ ಎಂದು ಅನಿಸುತ್ತಿತ್ತು. ಆದರೆ ಮನೆಯಲ್ಲಿ ಅಕ್ಕಿಗೆ ದುಡ್ಡಿಲ್ಲದವನು ತಡೆಯುವುದು ಹೇಗೆ? ಕಾಯುವ ಶಕ್ತಿಯೂ ಒಂದು ಬಗೆಯ ಆಸ್ತಿಯೇ. ಒಬ್ಬನಿಗೆ ಇಲ್ಲದ ಆ ಆಸ್ತಿ ನೂರು ಜನ ಸೇರಿದರೆ ಇರುತ್ತದೆ. ಸಹಕಾರವೆಂದರೆ ಇದೇ ಎಂದು ನಾನು ತಿಳಿದುಕೊಂಡಿದ್ದೇನೆ.

ಕಡಬದ ಅಕ್ಕನದು ರಬ್ಬರಿನ ಕತೆ. 2011ರಲ್ಲಿ ಕಿಲೋಗೆ 240 ರೂಪಾಯಿಯವರೆಗೆ ಹೋದ ರಬ್ಬರು 2016ರ ಆರಂಭದಲ್ಲಿ ನೂರಕ್ಕಿಂತ ಕೆಳಗಿಳಿಯಿತು. ಚೀನಾದಲ್ಲಿ ಬೇಡಿಕೆ ತಗ್ಗಿತು, ಕಚ್ಚಾ ತೈಲ ಅಗ್ಗವಾಗಿ ಕೃತಕ ರಬ್ಬರಿನ ಬೆಲೆಯೂ ಇಳಿಯಿತು. ಟ್ಯಾಪಿಂಗಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಲವರು ಮರಗಳನ್ನು ಹಾಗೇ ಬಿಟ್ಟರು. ಅಕ್ಕ ಬಿಡಲಿಲ್ಲ. ಬೆಳಿಗ್ಗೆ ಮಗನೊಂದಿಗೆ ತಾನೇ ಹಾಲು ತೆಗೆದಳು, ಶೀಟು ಒಣಗಿಸಿದಳು. ಸೊಸೆಯ ಬಿ.ಎಡ್. ಅರ್ಧಕ್ಕೆ ನಿಲ್ಲಕೂಡದೆಂಬುದು ಅವಳ ಹಟ. ಆ ಹಟ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

2024ರಲ್ಲಿ ಪಶ್ಚಿಮ ಆಫ್ರಿಕದ ತೋಟಗಳಿಗೆ ರೋಗ ತಗಲಿ, ಹವೆ ಕೆಟ್ಟು, ಕೊಕ್ಕೋ ಟನ್ನಿಗೆ ಹತ್ತು ಸಾವಿರ ಡಾಲರು ದಾಟಿತು. ಡಿಸೆಂಬರಿನಲ್ಲಿ ಹನ್ನೆರಡು ಸಾವಿರವನ್ನೂ ಮೀರಿತು. 2025 ಮುಗಿಯುವಾಗ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿ ಯಾರದೋ ಅಂಗಳ ಬರಿದಾದಾಗ ಇಲ್ಲಿ ನಮ್ಮ ಬುಟ್ಟಿಗೆ ಬೆಲೆ ಬರುತ್ತದೆ. ಇದನ್ನು ನೆನೆದರೆ ಸಂಭ್ರಮ ತುಸು ತಗ್ಗುತ್ತದೆ.

"ಇನ್ನಷ್ಟು ನೆಡುವುದಾ ಅತ್ತಿಗೇ?" ಎಂದು ತಮ್ಮನ ಹೆಂಡತಿ ಕೇಳಿದ್ದಳು. ನೆಡು, ಆದರೆ ಈ ಬೆಲೆಯನ್ನು ನಂಬಿ ನೆಡಬೇಡ ಎಂದೆ. ಬೆಲೆ ಇಳಿದಾಗಲೂ ಕೊಳ್ಳುವವರು ಯಾರೆಂದು ನೋಡಿಕೊಂಡು ನೆಡು. ಬಂದ ದುಡ್ಡನ್ನು ನಿನ್ನ ಹೆಸರಿನ ಖಾತೆಯಲ್ಲಿ ಇಡು.

ಮೊನ್ನೆ ತವರಿಗೆ ಹೋದಾಗ ಅಕ್ಕನೂ ಬಂದಿದ್ದಳು. ಹಿತ್ತಿಲಿನ ಗಿಡದಿಂದ ಒಂದು ಹಣ್ಣು ಕಿತ್ತು ಕಲ್ಲಿಗೆ ಕುಟ್ಟಿ ಒಡೆದಳು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಬೀಜ ಚೀಪಿದೆವು. "ಆಗಿನಷ್ಟು ಸಿಹಿ ಇಲ್ಲ" ಎಂದಳು ಅಕ್ಕ. ಚೀಪಿದ ಬೀಜಗಳನ್ನು ಮಾತ್ರ ಎಸೆಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಳು.