ಐ.ಸಿ.ಎಸ್. ಪರೀಕ್ಷೆ ಮತ್ತು ಐರ್ಲೆಂಡ್: ಒಂದು ಹಳೇ ನಂಟು

ನಾನು ಐ.ಟಿ.ಐ. ಓದಿದ ಎಲೆಕ್ಟ್ರಿಷಿಯನ್. ಇತಿಹಾಸ ಬರೆಯೋದು ನನ್ನ ಕಸುಬಲ್ಲ. ಆದರೂ ಈ ವರ್ಷದ ಸಂಚಿಕೆಗೆ ಇದನ್ನ ಬರೀಲೇಬೇಕು ಅನ್ನಿಸಿತು. ಅದಕ್ಕೆ ಕಾರಣ ನನ್ನ ತಮ್ಮ.

ಅವನು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆ.ಎ.ಎಸ್.ಗೆ ಓದ್ತಾ ಇದ್ದಾನೆ. ಆ ಕಡೆ ಹೋದವರಿಗೆ ಗೊತ್ತು, ಬೀದಿ ತುಂಬ ಕೋಚಿಂಗ್ ಬೋರ್ಡು, ಝೆರಾಕ್ಸ್ ಅಂಗಡಿ, ಖಾನಾವಳಿ. ಅವನ ಬಾಡಿಗೆ, ಊಟ, ಕ್ಲಾಸಿನ ಫೀಸು ಏಳು ವರ್ಷದಿಂದ ನನ್ನ ಸಂಬಳದಲ್ಲೇ ಹೋಗುತ್ತೆ. ಹೋದ ಚಳಿಗಾಲ ಒಂದು ರಾತ್ರಿ ಫೋನ್ ಮಾಡಿ, "ಅಣ್ಣಾ, ಈ ಸಲಾನೂ ಪ್ರಿಲಿಮ್ಸ್‌ದಾಗ ಹೋತು" ಅಂದ. ದಿನವಿಡೀ ಸೈಟಿನಲ್ಲಿ ಕೇಬಲ್ ಎಳೆದು ಸುಸ್ತಾಗಿ ಬಂದಿದ್ದೆ. "ನಿನ್ನ ಕಡಿಂದ ಆಗಂಗಿಲ್ಲ ಬಿಡು, ಊರಿಗೆ ಹೋಗು" ಅಂದುಬಿಟ್ಟೆ. ಅವನು ತಿರುಗಿ ಮಾತಾಡಲಿಲ್ಲ. ಫೋನ್ ಇಟ್ಟ.

ಆಡಿದ ಮಾತು ಮನಸ್ಸಿನಲ್ಲಿ ಕೊರೀತಾ ಇತ್ತು. ಈ ಪರೀಕ್ಷೆ ಎಲ್ಲಿಂದ ಶುರುವಾಯ್ತು ನೋಡೋಣ ಅಂತ ರಜಾ ದಿನಗಳಲ್ಲಿ ಇಲ್ಲಿನ ಪಬ್ಲಿಕ್ ಲೈಬ್ರರಿಗೆ ಹೋಗಿ ಓದೋಕೆ ಕೂತೆ. ಅದರ ಒಂದು ಬೇರು ನಾವು ದಿನಾ ಓಡಾಡೋ ಡಬ್ಲಿನ್ನಲ್ಲೇ ಇದೆ ಅಂತ ಆಗ ತಿಳೀತು.

ಮೊದಲು ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ನೌಕರಿಗಳು ಶಿಫಾರಸಿನ ಮೇಲೆ ಸಿಗ್ತಿದ್ದವು. ಕಂಪನಿಯ ಡೈರೆಕ್ಟರುಗಳು ತಮಗೆ ಬೇಕಾದ ಹುಡುಗರ ಹೆಸರು ಕೊಡ್ತಿದ್ದರು. 1853ರ ಚಾರ್ಟರ್ ಕಾಯ್ದೆ ಇದನ್ನ ತಪ್ಪಿಸಿತು. 1854ರಲ್ಲಿ ಮೆಕಾಲೆ ಸಮಿತಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾತ್ಮಕ ಪರೀಕ್ಷೆ ನಡೀತು. ಅದೇ ಕಾಲಕ್ಕೆ ಬ್ರಿಟನ್ನಿನ ಸರ್ಕಾರಿ ನೌಕರಿಗೂ ಪರೀಕ್ಷೆ ಇಡಬೇಕು ಅಂತ ವರದಿ ಬರೆದ ಇಬ್ಬರಲ್ಲಿ ಒಬ್ಬ ಚಾರ್ಲ್ಸ್ ಟ್ರೆವೆಲಿಯನ್, ಮೆಕಾಲೆಯ ತಂಗಿಯ ಗಂಡ. ಈ ಹೆಸರು ನೀವೂ ಕೇಳಿರ್ತೀರಿ. ಮ್ಯಾಚ್ ದಿನ ಇಲ್ಲಿನವರು ಹಾಡೋ 'ದಿ ಫೀಲ್ಡ್ಸ್ ಆಫ್ ಅಥೆನ್ರೈ' ಹಾಡಿನಲ್ಲಿ ಬರೋದು ಇವನ ಹೆಸರೇ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಈ ದೇಶದಲ್ಲಿ ಸುಮಾರು 10 ಲಕ್ಷ ಜನ ಸತ್ತರಲ್ಲ, ಆಗ ಲಂಡನ್ ಖಜಾನೆಯಲ್ಲಿ ಕೂತು ಪರಿಹಾರದ ಹಣ ಬಿಗಿ ಹಿಡಿದವನು ಇವನು.

ಬರಗಾಲ ಮುಗಿದು ಕೆಲವೇ ವರ್ಷ. ಓದಿದ ಹುಡುಗರಿಗೆ ಊರಲ್ಲಿ ಕೆಲಸ ಇಲ್ಲ. ಅಂಥಾ ಹೊತ್ತಿನಲ್ಲಿ ಈ ಬಾಗಿಲು ತೆರೆದಾಗ ಟ್ರಿನಿಟಿ ಕಾಲೇಜು ಸುಮ್ಮನೆ ಕೂರಲಿಲ್ಲ. 1854ರ ವರದಿಯ ಪ್ರಕಾರ ಒಟ್ಟು 6875 ಅಂಕ, ಅದರಲ್ಲಿ ಸಂಸ್ಕೃತಕ್ಕೆ 375, ಅರಬ್ಬಿಗೆ 375. ಆ ಭಾಷೆಗಳನ್ನ ಕಲಿಸೋಕೆ ಟ್ರಿನಿಟಿ ಮೇಷ್ಟ್ರುಗಳನ್ನ ಇಟ್ಟಿತು. 1861ರಲ್ಲಿ ಅಲ್ಲಿ ಪ್ರೊಫೆಸರ್ ಆಗಿ ಸೇರಿದವರು ಮೀರ್ ಔಲಾದ್ ಅಲಿ, ಉತ್ತರ ಭಾರತದವರು. 1898ರ ತನಕ ಅರಬ್ಬಿ, ಪರ್ಷಿಯನ್, ಹಿಂದೂಸ್ತಾನಿ ಕಲಿಸಿದರು. ಕಾರ್ಕ್, ಗಾಲ್ವೇ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜುಗಳಿಂದಲೂ ಹುಡುಗರು ಹೊರಟರು. 1855ರಿಂದ 1863ರ ನಡುವೆ ಆಯ್ಕೆಯಾದವರಲ್ಲಿ ಸುಮಾರು ಕಾಲು ಭಾಗ ಐರ್ಲೆಂಡಿನ ವಿಶ್ವವಿದ್ಯಾಲಯಗಳಿಂದ ಬಂದವರು. ಈಗ ಸಪ್ತಾಪುರ ಮಾಡೋ ಕೆಲಸವನ್ನ ಆಗ ಟ್ರಿನಿಟಿ ಮಾಡಿತ್ತು.

ಹಾಗೆ ಹೋದವರಲ್ಲಿ ಎಲ್ಲಾ ಥರದವರೂ ಇದ್ದರು. ಡಬ್ಲಿನ್ ಕೌಂಟಿಯಲ್ಲಿ ಹುಟ್ಟಿದ ಜಾರ್ಜ್ ಗ್ರಿಯರ್ಸನ್ ಟ್ರಿನಿಟಿಯಲ್ಲಿ ಓದಿ 1873ರಲ್ಲಿ ಬಂಗಾಳಕ್ಕೆ ಹೋದವರು. ಮುಂದೆ ಭಾರತದ ಭಾಷೆಗಳ ಸಮೀಕ್ಷೆ ಮಾಡಿಸಿದರು. 1906ರ ಅದರ ನಾಲ್ಕನೇ ಸಂಪುಟದಲ್ಲಿ ನಮ್ಮ ಕನ್ನಡವೂ ಇದೆ. ಟಿಪ್ಪರೇರಿಯ ಮೈಕೆಲ್ ಓಡ್ವಯರ್ ಕೂಡ ಇದೇ ಪರೀಕ್ಷೆ ಗೆದ್ದವನು. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಅವನೇ. ಇದೇ ಪರೀಕ್ಷೆ ಇಬ್ಬರನ್ನೂ ಪಾಸು ಮಾಡಿತ್ತು.

ಇನ್ನು ನಮ್ಮವರ ಕಥೆ. ಕಾಯ್ದೆ ಪ್ರಕಾರ ಭಾರತೀಯರೂ ಬರೀಬಹುದಿತ್ತು. ಆದರೆ ಪರೀಕ್ಷೆ ನಡೆಯೋದು ಲಂಡನ್ನಿನಲ್ಲಿ. ಡಬ್ಲಿನ್ ಹುಡುಗನಿಗೆ ಹಾಲಿಹೆಡ್‌ಗೆ ಒಂದು ಹಡಗು, ಆಮೇಲೆ ರೈಲು. ನಮ್ಮ ಹುಡುಗನಿಗೆ ವಾರಗಟ್ಟಲೆ ಸಮುದ್ರ, ಮೇಲೆ ಅಲ್ಲಿದ್ದು ಓದುವ ಖರ್ಚು. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಪಾಸಾದ ಮೊದಲ ಭಾರತೀಯ. 1870ರ ದಶಕದ ಕೊನೆಗೆ ವಯಸ್ಸಿನ ಮಿತಿಯನ್ನ 21ರಿಂದ 19ಕ್ಕೆ ಇಳಿಸಿದರು. ಆ ವಯಸ್ಸಿಗೆ ಎಷ್ಟು ಜನ ಹಡಗು ಹತ್ತೋಕಾಗುತ್ತೆ ಹೇಳಿ? ಮಿತಿಯನ್ನ ಆಮೇಲೆ ಏರಿಸಿದರು ನಿಜ, ಆದರೆ ಪರೀಕ್ಷೆ ಭಾರತದ ನೆಲದಲ್ಲಿ ನಡೆದಿದ್ದು 1922ರಲ್ಲಿ, ಅಲಹಾಬಾದಿನಲ್ಲಿ. ನಮ್ಮ ದೇಶದವರೇ ಒಬ್ಬರು ಡಬ್ಲಿನ್ನಿನಲ್ಲಿ ಕೂತು ಐರಿಷ್ ಹುಡುಗರನ್ನ ಈ ಪರೀಕ್ಷೆಗೆ ತಯಾರು ಮಾಡ್ತಿದ್ದರು. ನಮ್ಮ ಹುಡುಗರಿಗೆ ಪರೀಕ್ಷೆ ನಡೆಯೋ ಊರು ತಲುಪೋದೇ ಕಷ್ಟವಾಗಿತ್ತು.

ಹಾಗಿದ್ದೂ ಗೆದ್ದವರಲ್ಲಿ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಒಬ್ಬರು. 1887ರಲ್ಲಿ ಡಾಕ್ಟರ ಮನೆಯಲ್ಲಿ ಹುಟ್ಟಿದವರು. ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಡ್ಜ್. 1910ರಲ್ಲಿ ಐ.ಸಿ.ಎಸ್. ಸೇರಿದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದಾಗ, 1947ರ ಕೊನೆಯಲ್ಲಿ ಡಬ್ಲಿನ್ನಿಗೆ ಬಂದು ಡಿ ವಲೇರಾ ಅವರನ್ನ ಕಂಡು ಮಾತಾಡಿದರು. ನಮ್ಮ ಸಂವಿಧಾನದ ರಾಜ್ಯ ನೀತಿ ನಿರ್ದೇಶಕ ತತ್ವಗಳಿಗೆ 1937ರ ಐರಿಷ್ ಸಂವಿಧಾನವೇ ಮಾದರಿ. ಕೆ.ಎ.ಎಸ್. ಗೈಡುಗಳಲ್ಲಿ ತಪ್ಪದೇ ಇರೋ ಪ್ರಶ್ನೆ ಇದು, ನನ್ನ ತಮ್ಮನಿಗೆ ಬಾಯಿಪಾಠ.

ಕೊನೆಗೆ ನಮ್ಮಂಥವರಿಗೆ ಹತ್ತಿರದ ಒಂದು ಕಥೆ. ಕಾರ್ಕ್ ಕೌಂಟಿಯ ಕ್ಲೊನಕಿಲ್ಟಿ ಶಾಲೆಯಲ್ಲಿ ಅಂಚೆ ಇಲಾಖೆ ಪರೀಕ್ಷೆಗೆ ತಯಾರು ಮಾಡೋ ತರಗತಿ ಇತ್ತು. ಅಲ್ಲಿ ಓದಿದ ರೈತರ ಮನೆ ಹುಡುಗ ಪಾಸಾಗಿ 1906ರಲ್ಲಿ, 15ನೇ ವಯಸ್ಸಿಗೆ, ಲಂಡನ್ನಿನ ಅಂಚೆ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ. ಅವನೇ ಮೈಕೆಲ್ ಕಾಲಿನ್ಸ್, ಮುಂದೆ ಬ್ರಿಟಿಷರ ವಿರುದ್ಧ ಹೋರಾಡಿದವನು, ಈ ದೇಶದ ಹಣಕಾಸು ಮಂತ್ರಿಯಾದವನು. ನಾವೆಲ್ಲ ಅವನ ಹೆಸರು ಕೇಳಿದ್ದೀವಿ. ಅವನ ಅಕ್ಕ ಹ್ಯಾನಿಯ ಹೆಸರು ಕೇಳಿದವರು ಕಡಿಮೆ. ಅವಳು ಅದಕ್ಕೂ ಮೊದಲೇ ಲಂಡನ್ನಿಗೆ ಹೋಗಿ ಅದೇ ಇಲಾಖೆಯಲ್ಲಿ ದುಡೀತಿದ್ದಳು. ಊರು ಬಿಟ್ಟು ಬಂದ ತಮ್ಮ ಇದ್ದಿದ್ದು ಅವಳ ಜೊತೆಯಲ್ಲೇ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಪಾಸಾದವರ ಪಟ್ಟಿಯಲ್ಲಿ ಒಂದೇ ಹೆಸರು ಇರುತ್ತೆ. ಹಿಂದೆ ನೋಡಿದರೆ ಒಂದು ಕಾಲೇಜು, ಒಬ್ಬ ಮೇಷ್ಟ್ರು, ಒಬ್ಬ ಅಕ್ಕ, ವಯಸ್ಸಿನ ಒಂದು ನಿಯಮ, ಇಷ್ಟೆಲ್ಲ ಸೇರಿರುತ್ತೆ. ಪಾಸಾದಾಗ ಇಷ್ಟೆಲ್ಲ ಲೆಕ್ಕಕ್ಕೆ ಬರೋದಾದರೆ, ಫೇಲಾದಾಗ ಹುಡುಗನೊಬ್ಬನ ತಲೆ ಮೇಲೆ ಹೊರೆ ಹಾಕೋದು ಯಾವ ನ್ಯಾಯ? ನಾನು ಮಾಡಿದ್ದು ಅದನ್ನೇ.

ಆ ಭಾನುವಾರ ನಾನೇ ಫೋನ್ ಮಾಡಿದೆ. "ಅವತ್ತು ನಾ ಹಂಗ ಅನ್ನಬಾರದಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡಣ್ಣಾ" ಅಂದ. ಇನ್ನೊಂದು ಸಲ ಬರೀತಾನೆ, ಜೊತೆಗೆ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳ್ತಾನೆ ಅಂತ ಇಬ್ಬರೂ ಕೂಡಿ ತೀರ್ಮಾನ ಮಾಡಿದ್ದೀವಿ. ಪಾಸಾಗ್ತಾನೋ ಇಲ್ವೋ ಆ ದೇವರಿಗೇ ಗೊತ್ತು.

ನಮ್ಮಲ್ಲಿ ಎಷ್ಟೋ ಜನ ಊರಲ್ಲಿ ಓದುವವರಿಗೆ ಇಲ್ಲಿಂದ ದುಡ್ಡು ಕಳಿಸ್ತೀವಿ. ರಿಸಲ್ಟ್ ದಿನ ಫೋನ್ ಬಂದಾಗ ಮೊದಲು "ಊಟ ಆಯ್ತಾ" ಅಂತ ಕೇಳಿ. ಉಳಿದ ಮಾತು ಮರುದಿನ ಆಡಿದರಾಯ್ತು.