ಸಮಯ ಸರ್ವರ್ ಉತ್ತರಿಸದಿದ್ದಾಗ ಗಣಕದ ಗಡಿಯಾರ ಸರಿಪಡಿಸುವ ಬಗೆ

ಗಣಕಯಂತ್ರದ ದಿನಾಂಕ ವರ್ಷಗಟ್ಟಲೆ ಹಿಂದೆ ಬಿದ್ದರೆ ಬ್ಯಾಂಕ್ ಮತ್ತು ಸರ್ಕಾರಿ ಸೇವೆಗಳ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಅವುಗಳ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ಈ ಗಡಿಯಾರದಿಂದಲೇ ಅಳೆಯುತ್ತದೆ. ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಗಣಕಕ್ಕೂ ಬೆಂಗಳೂರಿನ ಕಚೇರಿಗೂ ಈ ನಿಯಮ ಒಂದೇ.

ಹಿನ್ನೆಲೆ

ಗಣಕಗಳು ಅಂತರಜಾಲದಿಂದ ಸಮಯ ಪಡೆಯುವ ವಿಧಾನಕ್ಕೆ ಎನ್‌ಟಿಪಿ ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ ಇದರ ವಿವರ 1985ರಲ್ಲಿ ಪ್ರಕಟವಾಯಿತು. ಭಾರತೀಯ ಕಾಲಮಾನವನ್ನು ಕಾಯುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು (ಎನ್‌ಪಿಎಲ್). ಕಂಪನಿಗಳು, ದತ್ತಾಂಶ ಕೇಂದ್ರಗಳು ಮತ್ತು ಸರ್ಕಾರಿ ಸಂಸ್ಥೆಗಳು ಎನ್‌ಪಿಎಲ್ ಇಲ್ಲವೇ ಎನ್‌ಐಸಿ ಸರ್ವರ್‌ಗಳಿಗೆ, ಅಥವಾ ಅವುಗಳನ್ನು ಆಧರಿಸಿದ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿತು.

ಉತ್ತರ ಬಾರದಿರಲು ಕಾರಣ

ಎನ್‌ಟಿಪಿ ಕೋರಿಕೆ ಯುಡಿಪಿ 123ನೇ ಪೋರ್ಟ್ ಮೂಲಕ ಸಾಗುತ್ತದೆ. ಯುಡಿಪಿಯಲ್ಲಿ ಕೋರಿಕೆ ತಲುಪಿತೆಂಬ ಖಾತರಿ ಇರುವುದಿಲ್ಲ. ಆದ್ದರಿಂದ ಸರ್ವರ್ ಸ್ಥಗಿತಗೊಂಡಿದ್ದರೂ, ನಡುವಿನ ಫೈರ್‌ವಾಲ್ ತಡೆದಿದ್ದರೂ ಗಣಕಕ್ಕೆ ಕಾಣುವುದು ಒಂದೇ ಮೌನ. ಸರ್ವರನ್ನು ದೂರುವ ಮುನ್ನ ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಒಳಿತು.

ಪರೀಕ್ಷಾ ಕ್ರಮ

1. ಮೊದಲು ದಿನಾಂಕ, ವರ್ಷ ಮತ್ತು ಸಮಯವನ್ನು ಕೈಯಿಂದಲೇ ಸರಿಪಡಿಸಿ. ಸ್ವತಂತ್ರ ವಿಂಡೋಸ್ ಗಣಕವು ಮೂಲ ಹೊಂದಾಣಿಕೆಯಲ್ಲಿ 15 ಗಂಟೆಗೂ ಮೀರಿದ ವ್ಯತ್ಯಾಸವನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ.

2. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಾಗಿದ್ದರೆ ಕಾಲವಲಯವನ್ನು ಗಮನಿಸಿ. ಸರ್ವರ್ ಕಳುಹಿಸುವುದು ಜಾಗತಿಕ ಸಮಯ, ಅದಕ್ಕೆ 5.30 ಗಂಟೆ ಸೇರಿಸುವುದು ಗಣಕದ ಕೆಲಸ.

3. ‘ವಿಂಡೋಸ್ ಟೈಮ್’ ಸೇವೆ ಚಾಲನೆಯಲ್ಲಿದೆಯೇ ನೋಡಿ.

4. ‘ಇಂಟರ್ನೆಟ್ ಟೈಮ್’ ಪುಟದಲ್ಲಿ ಬೇರೆ ಸರ್ವರ್ ನಮೂದಿಸಿ. ಎನ್‌ಐಸಿಯ ಸಮಯ್1, ಸಮಯ್2 ಹಾಗೂ ಎನ್‌ಪಿಎಲ್‌ನ ಸರ್ವರ್ ಇದಕ್ಕೆ ಲಭ್ಯ. ಕಚೇರಿಯ ಡೊಮೈನ್‌ಗೆ ಸೇರಿದ ಗಣಕದಲ್ಲಿ ಈ ಪುಟ ಕಾಣುವುದಿಲ್ಲ. ಅದಕ್ಕೆ ಸಮಯ ನೀಡುವುದು ಕಚೇರಿಯ ಸರ್ವರ್.

5. ಆಗಲೂ ಉತ್ತರ ಬಾರದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಯತ್ನಿಸಿ. ಅಲ್ಲಿ ಸಮಯ ಹೊಂದಿದರೆ ದೋಷವಿರುವುದು ಕಚೇರಿಯ ಜಾಲದಲ್ಲಿ. ಫೈರ್‌ವಾಲನ್ನೇ ತೆಗೆದುಹಾಕದೆ 123ನೇ ಪೋರ್ಟ್‌ಗೆ ಮಾತ್ರ ಅನುಮತಿ ನೀಡಿದರೆ ಸಾಕು.

ಬ್ಯಾಟರಿ

ವಿದ್ಯುತ್ ಕಡಿತವಾದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರುವ ಸಂಭವ ಹೆಚ್ಚು. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 3 ವೋಲ್ಟ್‌ನ ಸಿಆರ್2032 ಇರುತ್ತದೆ. ಅದನ್ನು ಬದಲಿಸುವವರೆಗೆ ಯಾವ ಸರ್ವರ್ ಆಯ್ದರೂ ತೊಂದರೆ ಮರುಕಳಿಸುತ್ತದೆ.