ಪಂಚಾಯಿತಿ ಬಾಗಿಲಲ್ಲೇ ನಿಂತ ಕೇಬಲ್

ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರಲ್ಲಿ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಎರಡು ವರ್ಷ ಹಿಂದಷ್ಟೇ ಹುಟ್ಟಿದ್ದ ಸರ್ಕಾರಿ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ ರೂಪಿಸಿದ ಮೊದಲ ಎಕ್ಸ್‌ಚೇಂಜ್ ಅದು. ಹೊರದೇಶದ ಯಂತ್ರಗಳಿಗೆ ಎ.ಸಿ. ಕೋಣೆ ಬೇಕಿತ್ತು, ನಮ್ಮ ಊರುಗಳಲ್ಲಿ ಕರೆಂಟನ್ನೇ ನೆಚ್ಚುವಂತಿರಲಿಲ್ಲ. ಸ್ಯಾಮ್ ಪಿತ್ರೋಡಾ ಅವರ ಮುಂದಾಳ್ತನದ ಎಂಜಿನಿಯರುಗಳು ಸೆಕೆ, ಧೂಳು ತಡೆದು ಎ.ಸಿ. ಇಲ್ಲದೆ ನಡೆಯುವ ಯಂತ್ರವನ್ನು ಕಟ್ಟಿದರು. ಹಳ್ಳಿಗೆ ಇಂಟರ್‌ನೆಟ್ ಕೊಡುವುದು ಸರ್ಕಾರದ ಕೆಲಸವೇ ಎಂಬ ಮಾತು ಬಂದಾಗಲೆಲ್ಲ ನನಗೆ ಕಿತ್ತೂರು ನೆನಪಾಗುತ್ತದೆ. ಬರೀ ಲಾಭದ ಲೆಕ್ಕ ಹಾಕಿದವರು ಆ ಯಂತ್ರವನ್ನು ಮಾಡುತ್ತಿರಲಿಲ್ಲ.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಅದು ದೊಡ್ಡ ನಗರಗಳ ಸೊತ್ತಾಗಿತ್ತು. ಹಳ್ಳಿಯ ಪಾಲು ತಪ್ಪಬಾರದೆಂದು 2002ರಲ್ಲಿ ಒಂದು ಏರ್ಪಾಟು ಬಂತು. ಟೆಲಿಕಾಂ ಕಂಪನಿಗಳು ತಮ್ಮ ವರಮಾನದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟಬೇಕು, ಆ ಹಣ ಹಳ್ಳಿಗೆ ಸಲ್ಲಬೇಕು. ಮರುವರ್ಷ ಸಂಸತ್ತು ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಹಣ ಬಂತು, ಆದರೆ ಅದರ ದೊಡ್ಡ ಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು.

ಇತ್ತ ಕರ್ನಾಟಕದಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ದೇಶವೇ ಇದನ್ನು ಹೊಗಳಿತು, ಹೊಗಳಿಕೆಗೆ ಯೋಗ್ಯವೂ ಆಗಿತ್ತು. ಆದರೆ ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ರೈತ ದಿನದ ಕೆಲಸ ಬಿಟ್ಟು ಬಸ್ಸು ಹತ್ತಬೇಕಾಯಿತು. ಅದನ್ನು ಸರಿಪಡಿಸಲು ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ಆಮೇಲೆ ಅಟಲ್‌ಜೀ ಜನಸ್ನೇಹಿ ಕೇಂದ್ರ, 2022ರಲ್ಲಿ ಗ್ರಾಮ ಒನ್. ಇಂಟರ್‌ನೆಟ್ ಸರ್ಕಾರದ ಕೆಲಸವೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ತೀರ್ಮಾನವಾದದ್ದು ಇಲ್ಲಿಯೇ. ಪಹಣಿ, ಪಡಿತರದ ಹೆಬ್ಬೆಟ್ಟು, 2023ರಿಂದ ಉದ್ಯೋಗ ಖಾತರಿಯ ಹಾಜರಿ, ಎಲ್ಲವನ್ನೂ ನೆಟ್‌ವರ್ಕಿಗೆ ಕಟ್ಟಿಹಾಕಿದ್ದು ಸರ್ಕಾರವೇ. ನೆಟ್‌ವರ್ಕ್ ಕೊಡುವ ಹೊಣೆ ತನ್ನದಲ್ಲ ಎನ್ನಲು ಅದಕ್ಕೀಗ ಬಾಯಿಲ್ಲ.

ಅತಿ ದೊಡ್ಡ ಹೆಜ್ಜೆ ಬಿದ್ದದ್ದು 2011ರ ಅಕ್ಟೋಬರಿನಲ್ಲಿ. ಸುಮಾರು 20,000 ಕೋಟಿ ರೂಪಾಯಿಯಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ಎರಡು ವರ್ಷದಲ್ಲಿ ಮುಗಿಯಬೇಕಿತ್ತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಟ್ಟುವ ಹೊತ್ತಿಗೆ 2017 ಮುಗಿದಿತ್ತು. ಅಷ್ಟರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೊಸ ಹೆಸರು ಬಂದಿತ್ತು, ಅದರ ಎರಡು ಹಂತಗಳ ಅಂದಾಜು ವೆಚ್ಚ 42,000 ಕೋಟಿ ದಾಟಿತ್ತು.

ತಡವಾದದ್ದು ಒಂದು ಕೊರತೆ. ಅದಕ್ಕಿಂತ ದೊಡ್ಡ ಕೊರತೆ ಯೋಜನೆಯ ನಕ್ಷೆಯಲ್ಲೇ ಇತ್ತು. ಕೇಬಲ್ ಪಂಚಾಯಿತಿ ಕಚೇರಿವರೆಗೆ ಬರುತ್ತದೆ, ಅಲ್ಲಿಂದ ಮನೆಗೆ, ಶಾಲೆಗೆ, ಆಸ್ಪತ್ರೆಗೆ ಯಾರೋ ಒಯ್ಯುತ್ತಾರೆ ಎಂಬ ನಂಬಿಕೆ. ಆ 'ಯಾರೋ' ಹೆಚ್ಚಿನ ಕಡೆ ಬರಲೇ ಇಲ್ಲ. ಕೇಬಲ್ಲಿನ ಹಾದಿಯೂ ನೇರ ಗೆರೆಯಂತಿತ್ತು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಕತ್ತರಿಸಿದರೆ ಅದರಾಚೆಯ ಊರುಗಳೆಲ್ಲ ಕತ್ತಲಲ್ಲಿ. ದುರಸ್ತಿ ಯಾರದೆಂಬುದು ಇಲಾಖೆಗಳ ನಡುವೆ ಓಡಾಡುತ್ತಿತ್ತು. ಲೆಕ್ಕ ಕೊಟ್ಟದ್ದು ಎಳೆದ ಕೇಬಲ್ಲಿನ ಕಿಲೋಮೀಟರುಗಳಲ್ಲಿ. ಹಳ್ಳಿಯವರಿಗೆ ಸಿಕ್ಕ ಉತ್ತರ 'ಸರ್ವರ್ ಇಲ್ಲ, ನಾಳೆ ಬನ್ನಿ'.

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಹಳ್ಳಿಯವರ ಕೈಗೂ ಸ್ಮಾರ್ಟ್‌ಫೋನ್ ಬಂತು. ಖಾಸಗಿಯವರೇ ಮಾಡುವಾಗ ಸರ್ಕಾರ ಏಕೆ ಎನ್ನುವವರ ಮಾತಿಗೆ ಇದು ಬಲ ಕೊಡುತ್ತದೆ, ಒಪ್ಪುತ್ತೇನೆ. ಬಯಲುಸೀಮೆಯ ಹೆದ್ದಾರಿ ಪಕ್ಕದ ಊರಿಗೆ ಆ ಮಾತು ಸರಿ. ಕಣಿವೆಗೆ ಎಂಟು ಮನೆಯಿರುವ ಮಲೆನಾಡಿನಲ್ಲಿ ಟವರ್ ನೆಟ್ಟವರಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಳೆಯ ನಡುವೆ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅಗ್ಗದ ಡೇಟಾ ಬಂದು ಆಗ ಸುಮಾರು ಐದು ವರ್ಷವಾಗಿತ್ತು.

ನೆರೆಯವರು ಬೇರೆ ಹಾದಿ ಹಿಡಿದರು. ಆಂಧ್ರ ವಿದ್ಯುತ್ ಕಂಬಗಳ ಮೇಲೆ ಕೇಬಲ್ ಎಳೆದು ತಿಂಗಳಿಗೆ 149 ರೂಪಾಯಿಗೆ ಮನೆಗೇ ಸಂಪರ್ಕ ಕೊಡಲು ಹೊರಟಿತು. ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಉದ್ಘಾಟಿಸಿ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್‌ನೆಟ್ ಎಂದಿತು. ಮೊದಲ ಹಂತಕ್ಕೆ ಆಯ್ದದ್ದು 14,000 ಕುಟುಂಬ ಮಾತ್ರ. ಆಶ್ವಾಸನೆ ದೊಡ್ಡದು, ನಡಿಗೆ ನಿಧಾನ. ಆದರೂ ಕೊನೆಯ ಮನೆಯನ್ನು ತನ್ನ ಲೆಕ್ಕದೊಳಗೆ ತಂದುಕೊಂಡ ಆ ಧೈರ್ಯ ನನಗೆ ಮುಖ್ಯವಾಗಿ ಕಾಣುತ್ತದೆ.

2023ರ ಆಗಸ್ಟ್‌ನಲ್ಲಿ ಕೇಂದ್ರ 1,39,579 ಕೋಟಿ ರೂಪಾಯಿಯ ತಿದ್ದಿದ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿತು. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಕೇಬಲ್ಲನ್ನು ಉಂಗುರದಂತೆ ಜೋಡಿಸುವುದು, ಹತ್ತು ವರ್ಷದ ನಿರ್ವಹಣೆ, ಒಂದೂವರೆ ಕೋಟಿ ಮನೆ ಸಂಪರ್ಕ ಇದರಲ್ಲಿವೆ. ಹಳೆಯ ತಪ್ಪಿನಿಂದ ಕಲಿತ ಗುರುತಿದೆ. ಇದು ನಡೆಯುವುದೋ ಇಲ್ಲವೋ ನಾವು ಏನನ್ನು ಕೇಳುತ್ತೇವೆ ಎಂಬುದರ ಮೇಲೂ ನಿಂತಿದೆ. ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ಕೇಬಲ್ ಬಂದಿದೆಯೇ ಎಂದು ಕೇಳಬೇಡಿ. ಹೋದ ತಿಂಗಳು ಅದು ಎಷ್ಟು ದಿನ ಕೆಲಸ ಮಾಡಿತು, ಕೆಟ್ಟಾಗ ರಿಪೇರಿಗೆ ಬಂದವರು ಯಾರು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.